ಜೋರು ಮಳೆ, ಜೋರು ಗಾಳಿ, ಜೋರು ಜ್ವರ

ಕೇಳುಗರೆಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ನಿನ್ನೆ ರಾತ್ರಿಯಿಂದ ಮಳೆ ಬಿಟ್ಟಿಲ್ಲ. ಬೆಳಿಗ್ಗೆ ಹಾಲಿಗೆ ಹೋದಾಗ ಅಂಗಡಿಯವರು ಹೇಳುತ್ತಿದ್ದರು, "ಎಂಥ ಜೋರು ಮಳೆ ಮಾರಾಯ್ರೆ, ಗಾಳಿಯೂ ಜೋರು. ಮನೆಯಲ್ಲಿ ಸಣ್ಣವನಿಗೆ ಜ್ವರ ಬೇರೆ ಜೋರುಂಟು." ಒಂದೇ ಉಸಿರಿನಲ್ಲಿ ಮೂರು ಸಲ ಜೋರು. ನಮಗೆ ಅದರಲ್ಲಿ ಏನೂ ವಿಶೇಷ ಕಾಣುವುದಿಲ್ಲ, ಅಲ್ವಾ? ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಹೊರಡಿ. ಮಳೆಗೆ ಹೆವಿ ಬೇಕು. ಗಾಳಿಗೆ ಸ್ಟ್ರಾಂಗ್. ಜ್ವರಕ್ಕೆ ಹೈ. ಟಿವಿಯ ಸದ್ದು ಜೋರಾದರೆ ಲೌಡ್, ಬಸ್ಸು ಜೋರು ಹೋದರೆ ಫಾಸ್ಟ್. ನಮ್ಮ ಒಂದೇ ಜೋರಿಗೆ ಅಲ್ಲಿ ಐದು ಪದ. ಸ್ಟ್ರಾಂಗ್ ರೇನ್ ಅಂದರೂ ಅರ್ಥ ಆಗುತ್ತದೆ, ಆದರೆ ಕೇಳುವವರಿಗೆ ಗಂಜಿಯಲ್ಲಿ ಕಲ್ಲು ಸಿಕ್ಕಿದ ಹಾಗೆ ಆಗುತ್ತದೆ.

ಸಂಜೆ ಹೊತ್ತು ನಾನು ಕೆಲವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಡಿಗ್ರಿ ಓದುವವರು, ಬ್ಯಾಂಕ್ ಪರೀಕ್ಷೆಗೆ ಕೂರುವವರು, ನರ್ಸಿಂಗ್ ಮುಗಿಸಿ ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಬೇಕಾದವರು. ಎಲ್ಲರದ್ದೂ ಒಂದೇ ಪ್ರಶ್ನೆ. "ಮೇಡಂ, ದೊಡ್ಡ ದೊಡ್ಡ ಪದ ಬರಬೇಕು. ಯಾವ ಪಟ್ಟಿ ಬಾಯಿಪಾಠ ಮಾಡಲಿ?"

ಆಗೆಲ್ಲ ನನಗೆ ಒಬ್ಬ ಹುಡುಗಿ ನೆನಪಾಗುತ್ತಾಳೆ. ಕಾರ್ಕಳ ಕಡೆಯವಳು. ತನ್ನ ಅಮ್ಮನ ಬಗ್ಗೆ ಒಂದು ಪುಟ ಬರೆದು ತಂದಿದ್ದಳು. ಅಮ್ಮ ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸಿದವರು, ಒಂದೊಂದು ರೂಪಾಯಿಯನ್ನೂ ನೋಡಿ ಖರ್ಚು ಮಾಡಿದವರು. ಅದಕ್ಕೊಂದು ಒಳ್ಳೆಯ ಇಂಗ್ಲಿಷ್ ಪದ ಬೇಕಿತ್ತು ಅವಳಿಗೆ. ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ ಹುಡುಕಿದ್ದಾಳೆ. ಥ್ರಿಫ್ಟಿ, ಫ್ರೂಗಲ್, ಸ್ಟಿಂಜಿ, ಮೈಸರ್ಲಿ, ನಾಲ್ಕೂ ಒಂದೇ ಸಾಲಿನಲ್ಲಿ ಇದ್ದವಂತೆ. ಅವಳು ಮೂರನೆಯದನ್ನು ಆರಿಸಿಕೊಂಡಿದ್ದಳು. ಮೈ ಮದರ್ ಈಸ್ ಎ ಸ್ಟಿಂಜಿ ವುಮನ್ ಎಂದು ಬರೆದಿದ್ದಳು. ನನ್ನ ಅಮ್ಮ ಜಿಪುಣಿ ಎಂದ ಹಾಗಾಯಿತು. ಆ ನಾಲ್ಕರಲ್ಲಿ ಮೊದಲೆರಡು ಕೈ ಹಿಡಿದು ಖರ್ಚು ಮಾಡುವವರಿಗೆ, ಕೊನೆಯೆರಡು ಜಿಪುಣರಿಗೆ. ಅರ್ಥ ಹೇಳಿದಾಗ ಅವಳು ಪುಸ್ತಕ ಮುಚ್ಚಿ ತಲೆ ತಗ್ಗಿಸಿ ಕೂತಳು. ಹೊಗಳಿಕೆಯ ಪದವನ್ನೂ ಬೈಗುಳದ ಪದವನ್ನೂ ಪಕ್ಕಪಕ್ಕ ಕೂರಿಸಿ ಏನನ್ನೂ ಹೇಳದೆ ಬಿಟ್ಟ ಆ ಪಟ್ಟಿಯ ಮೇಲೆ ನನಗೆ ಇವತ್ತಿಗೂ ಸಿಟ್ಟುಂಟು.

ಕನ್ನಡದಲ್ಲಿ ಅವಳು ಈ ತಪ್ಪು ಮಾಡುತ್ತಿರಲಿಲ್ಲ. ಜಿಪುಣ ಅಂದರೆ ಯಾರು, ಕೈ ಹಿಡಿದು ಖರ್ಚು ಮಾಡುವವರು ಯಾರು, ಯಾರೂ ಪಾಠ ಮಾಡದೆ ಗೊತ್ತು. ತುಂತುರು ಮಳೆಗೂ ಜಡಿಮಳೆಗೂ ಇರುವ ವ್ಯತ್ಯಾಸವನ್ನು ನಾವು ಯಾವ ಪಟ್ಟಿಯಿಂದ ಕಲಿತೆವು? ಕೊಡೆ ಹಿಡಿದು ನಡೆಯುವಾಗ ಕಲಿತೆವು, ಜಗಲಿಯಲ್ಲಿ ಅಜ್ಜಿ ಆಡುವ ಮಾತು ಕೇಳಿ ಕಲಿತೆವು. ಹಾಗಾಗಿ ತುಂತುರಿಗೆ ಡ್ರಿಜಲ್, ಜಡಿಮಳೆಗೆ ಡೌನ್‌ಪೋರ್ ಎಂದು ಹೇಳಿಕೊಟ್ಟರೆ ಮಕ್ಕಳು ಮರೆಯುವುದೇ ಇಲ್ಲ. ಆ ಎರಡು ಮಳೆಯೂ ಅವರ ಮೈಗೆ ಗೊತ್ತಿದೆ. ಹೊಸದಾಗಿ ಬೇಕಾದದ್ದು ಹೆಸರು ಮಾತ್ರ.

ಮಂಗಳೂರಿನ ಬಾಸೆಲ್ ಮಿಷನ್ನಿನವರು 1894ರಲ್ಲಿ ಹೊರತಂದ ಕಿಟ್ಟೆಲ್ ನಿಘಂಟನ್ನು ನೀವು ಲೈಬ್ರರಿಯಲ್ಲಾದರೂ ನೋಡಿರಬಹುದು. ಫರ್ಡಿನಾಂಡ್ ಕಿಟ್ಟೆಲ್ ಜರ್ಮನಿಯವರು, 1853ರಲ್ಲಿ ಇಲ್ಲಿಗೆ ಬಂದವರು. ಸ್ವಲ್ಪ ಯೋಚನೆ ಮಾಡಿ. ಅದು ಕನ್ನಡ ಇಂಗ್ಲಿಷ್ ನಿಘಂಟು. ಕನ್ನಡವೂ ಅವರ ಮನೆಮಾತಲ್ಲ, ಇಂಗ್ಲಿಷೂ ಅಲ್ಲ. ಸುಮಾರು 70,000 ಪದಗಳು ಅದರಲ್ಲಿವೆ. ಅವರು ಸುಮ್ನೆ ಪದದ ಮುಂದೆ ಅರ್ಥ ಬರೆದು ಮುಗಿಸಲಿಲ್ಲ. ಗಾದೆ ಕೊಟ್ಟರು, ಹಳೆಯ ಕಾವ್ಯದ ಸಾಲು ಕೊಟ್ಟರು, ಜನ ಆ ಪದವನ್ನು ಹೇಗೆ ಬಳಸುತ್ತಾರೆ ಎಂದು ತೋರಿಸಿದರು. ಬೇರೆಯವರ ಭಾಷೆ ಕಲಿಯುವುದು ಹೇಗೆ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಇವರನ್ನೇ.

ಹಾಗಾದರೆ ನಾವು ಏನು ಮಾಡಬೇಕು? ಒಂದು ನೋಟ್ ಪುಸ್ತಕ ಇಡಿ. ಹೊಸ ಪದ ಸಿಕ್ಕಾಗ ಅದೊಂದನ್ನೇ ಬರೆಯಬೇಡಿ, ಸಿಕ್ಕಿದ ಪೂರ್ತಿ ವಾಕ್ಯ ಬರೆಯಿರಿ. ಅದರ ಕೆಳಗೆ ನಿಮ್ಮದೇ ಒಂದು ವಾಕ್ಯ, ನಿಮ್ಮ ಮನೆಯದ್ದು, ನಿಮ್ಮ ಬಸ್ಸಿನದ್ದು. ಮಿಸ್ಟೇಕ್ ಎಂಬ ಪದ ಎಲ್ಲರಿಗೂ ಗೊತ್ತು. ಆದರೆ ಡೂ ಎ ಮಿಸ್ಟೇಕ್ ಎಂದು ಬರೆಯುವವರು ಎಷ್ಟು ಜನ! ನಮ್ಮಲ್ಲಿ ತಪ್ಪನ್ನೂ ಮಾಡುತ್ತೇವೆ, ಕೆಲಸವನ್ನೂ ಮಾಡುತ್ತೇವೆ, ಅದಕ್ಕೇ ಈ ಎಡವಟ್ಟು. ಇಂಗ್ಲಿಷಿನಲ್ಲಿ ಮಿಸ್ಟೇಕಿನ ಜೊತೆಗಾರ ಮೇಕ್. ಪದವನ್ನು ಅದರ ಜೊತೆಗಾರನ ಸಮೇತ ಮನೆಗೆ ಕರೆದುಕೊಂಡು ಬರಬೇಕು. ನಿಘಂಟು ಕೊಳ್ಳುವುದಾದರೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ಇಂಗ್ಲಿಷ್ ನಿಘಂಟು ಕೊಳ್ಳಿ. ಜಪಾನಿನಲ್ಲಿ ಪಾಠ ಮಾಡುತ್ತಿದ್ದ ಹಾರ್ನ್‌ಬಿ ಎಂಬ ಮೇಷ್ಟ್ರು ಇಂಥದ್ದೊಂದನ್ನು ಮಾಡಿದರು, 1942ರಲ್ಲಿ ಅದು ಅಲ್ಲೇ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡಿನವರು ಹೊರತಂದರು. ಈಗಲೂ ಅದರ ಹೊಸ ಹೊಸ ಆವೃತ್ತಿಗಳು ಬರುತ್ತಿವೆ. ಯಾವ ಪದ ಯಾವುದರ ಜೊತೆ ಹೋಗುತ್ತದೆ ಎಂದು ತೋರಿಸುವುದೇ ಅದರ ದೊಡ್ಡ ಉಪಕಾರ.

ಎಲ್ಲಿಂದ ಶುರು ಮಾಡುವುದು ಅನ್ನುವವರಿಗೆ ಒಂದು ಮಾತು. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ 570 ಪದ ಕುಟುಂಬಗಳ, ಅಂದರೆ ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪುಗಳ, ಒಂದು ಪಟ್ಟಿ ಪ್ರಕಟಿಸಿದರು. ಕಾಲೇಜು ಪುಸ್ತಕಗಳಲ್ಲಿ ಯಾವ ವಿಷಯವಾದರೂ ಮತ್ತೆ ಮತ್ತೆ ಬರುವ ಪದಗಳು. ಅಸ್ಯೂಮ್, ಇಂಟರ್‌ಪ್ರೆಟ್, ಸಿಗ್ನಿಫಿಕೆಂಟ್, ಇಂಥವು. ಅಂಥ ಪುಸ್ತಕದಲ್ಲಿ ನೂರು ಪದ ಓದಿದರೆ ಸುಮಾರು ಹತ್ತು ಇವೇ ಆಗಿರುತ್ತವೆ. ಯಾರೂ ಬಳಸದ ಅಪರೂಪದ ಪದಕ್ಕೆ ಬೀಳುವ ಮೊದಲು ಇವು ಕೈಗೆ ಬರಲಿ. ಇದೂ ಪಟ್ಟಿಯೇ, ಹೌದು. ಆದರೆ ಬಾಯಿಪಾಠಕ್ಕಲ್ಲ, ಓದುವಾಗ ಗುರುತು ಹಿಡಿಯಲಿಕ್ಕೆ.

ಪದವನ್ನು ಬಿಡಿಸಿ ನೋಡುವುದೂ ನನಗೆ ತುಂಬ ಇಷ್ಟ. ಮುಂಗಾರು, ಮುಂಗಡ, ಮುನ್ನುಡಿ, ಎಲ್ಲದರಲ್ಲೂ ಮೊದಲು ಎಂಬ ಅರ್ಥದ ಮುನ್ ಉಂಟಲ್ಲ? ಇಂಗ್ಲಿಷಿನ ಪ್ರಿ ಕೂಡ ಅದೇ. ಪ್ರಿಡಿಕ್ಟ್ ಅಂದರೆ ಮೊದಲೇ ಹೇಳುವುದು. ಆ ಡಿಕ್ಟ್ ಎಂಬ ಹೇಳುವ ತುಂಡೇ ಡಿಕ್ಟೇಟ್, ವರ್ಡಿಕ್ಟ್, ಕಾಂಟ್ರಡಿಕ್ಟ್, ಕೊನೆಗೆ ಡಿಕ್ಷನರಿಯಲ್ಲೂ ಕೂತಿದೆ. ಪ್ರಿಫೇಸ್ ಎಂಬ ಪದದ ಲ್ಯಾಟಿನ್ ಮೂಲವನ್ನು ಬಿಡಿಸಿದರೆ ಸಿಗುವ ಅರ್ಥ ಮೊದಲು ಆಡುವ ನುಡಿ. ಅಂದರೆ ನಮ್ಮ ಮುನ್ನುಡಿಯೇ! ಮೊದಲ ಸಲ ಇದು ಗೊತ್ತಾದ ದಿನ ನನಗೆ ಆದ ಖುಷಿ ಈಗಲೂ ಹಾಗೇ ಇದೆ.

ಇನ್ನು ಮರೆವು. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಕಲಿತು, ತಾವೇ ಮರೆತು, ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಮರೆವು ಜಾಸ್ತಿ, ಆಮೇಲೆ ನಿಧಾನ. ಹಾಗಾಗಿ ಒಂದೇ ರಾತ್ರಿ ಐವತ್ತು ಪದ ಉರು ಹೊಡೆಯುವುದು ದಂಡ. ಇವತ್ತಿನ ಪದವನ್ನು ನಾಳೆ ನೋಡಿ, ಮೂರು ದಿನ ಬಿಟ್ಟು ನೋಡಿ, ವಾರ ಬಿಟ್ಟು ನೋಡಿ. ದಿನಕ್ಕೆ ಮೂರೇ ಪದ ಸಾಕು, ವರ್ಷಕ್ಕೆ ಸಾವಿರ ದಾಟುತ್ತದೆ.

ಓದುವುದು, ಕೇಳುವುದು ಮಾತ್ರ ನಿಲ್ಲಬಾರದು. ನಮ್ಮ ತಾಳಮದ್ದಳೆಯನ್ನೇ ನೋಡಿ, ವೇಷ ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಪಾತ್ರಗಳ ಮಾತು ಆಡುವ ಅರ್ಥಧಾರಿಗಳು ಬರೆದು ತಂದ ಮಾತು ಓದುವುದಿಲ್ಲ. ಎದುರಿನವರು ಒಂದು ಮಾತು ಎಸೆದರೆ ಅಲ್ಲೇ, ಆ ಕ್ಷಣಕ್ಕೆ ಸರಿಯಾದ ಪದ ಬಾಯಿಗೆ ಬರುತ್ತದೆ. ಅದರ ಹಿಂದೆ ಎಷ್ಟು ಪ್ರಸಂಗ ಓದಿದ್ದಾರೋ, ಎಷ್ಟು ರಾತ್ರಿ ಎದುರು ಕೂತು ಹಿರಿಯರ ಮಾತು ಕೇಳಿದ್ದಾರೋ.

ಆ ಕಾರ್ಕಳದ ಹುಡುಗಿ ಮರುದಿನ ಬೇರೆ ಪುಟ ಬರೆದು ತಂದಳು. ಸ್ಟಿಂಜಿ ಹೋಗಿ ಥ್ರಿಫ್ಟಿ ಬಂದಿತ್ತು. ಅದರ ಕೆಳಗೆ, ಅಮ್ಮ ಚಿಲ್ಲರೆ ಹಾಕಿಡುತ್ತಿದ್ದ ಡಬ್ಬಿಯ ಬಗ್ಗೆ ಒಂದು ವಾಕ್ಯ. ಮನೆಗೆ ಹೋಗಿ ಅಮ್ಮನಿಗೆ ಅದನ್ನು ತುಳುವಿನಲ್ಲಿ ಹೇಳಿದಳಂತೆ.

ನೀವು ಇವತ್ತು ರಾತ್ರಿ ಜೋರು ಎಂಬ ಪದ ಇರುವ ಐದು ವಾಕ್ಯ ಬರೆದು, ಒಂದೊಂದಕ್ಕೂ ಇಂಗ್ಲಿಷ್ ಪದ ಹುಡುಕಿ. ಜೋರು ಹುಡುಗಿ ಎನ್ನುತ್ತೇವಲ್ಲ, ಅದಕ್ಕೆ ಪದ ಸಿಕ್ಕರೆ ನನಗೂ ಹೇಳಿ. ನಾನು ಇನ್ನೂ ಹುಡುಕುತ್ತಿದ್ದೇನೆ. ನಮಸ್ಕಾರ.