ಒಂದು ಕುಂಡದ ಗಿಡಕ್ಕೂ 19 ಕೆಜಿ ಗಾಂಜಾಕ್ಕೂ ಒಂದೇ ಶಿಕ್ಷೆಯೇ?

ನಮಸ್ಕಾರ. ಹಿಂದಿನ ಸಂಚಿಕೆಗೆ ಬಂದ ಪ್ರತಿಕ್ರಿಯೆಗಳಲ್ಲಿ ಒಂದು ಪ್ರಶ್ನೆ, ಅದಕ್ಕೆ ಇನ್ನೊಬ್ಬರು ಕೊಟ್ಟ ಉತ್ತರ, ಇವೆರಡೂ ಸೇರಿ ನನ್ನನ್ನು ಇಂದು ಮಾತಿಗೆ ಕೂರಿಸಿವೆ. ಪ್ರಶ್ನೆ ಕೇಳಿದವರು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಬಾಡಿಗೆಗೆ ಇರುವವರು. ಗಾಂಜಾ ಬೀಜಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆಯೆಂದು ಅವರು ಎಲ್ಲೋ ಓದಿದ್ದಾರೆ. ಹಾಗಿದ್ದ ಮೇಲೆ ಕೋಣೆಯೊಳಗೆ ದೀಪ ಹಾಕಿ, ಬೀಜದಿಂದ ಒಂದೇ ಒಂದು ಗಿಡವನ್ನು ತಮಗೋಸ್ಕರ ಬೆಳೆಸಿಕೊಂಡರೆ ಯಾರಿಗೇನು ತೊಂದರೆ ಎಂಬುದು ಅವರ ಪ್ರಶ್ನೆ. ಅದರ ಕೆಳಗೆ ಮತ್ತೊಬ್ಬರು, "ಒಂದು ಗಿಡ ತಾನೇ, ಪೊಲೀಸರು ಬೈದು ಬಿಟ್ಟುಬಿಡುತ್ತಾರೆ" ಎಂದು ಬರೆದಿದ್ದಾರೆ. ಆ ಉತ್ತರ ಓದಿ ನನಗೆ ಸಿಟ್ಟು ಬಂತು, ಏಕೆಂದರೆ ನಮ್ಮ ದೇಶದ ಕಾನೂನಿಗೆ ಗಾಂಜಾ ಗಿಡಗಳನ್ನು ಎಣಿಸಲು ಬರುವುದಿಲ್ಲ. ಎಣಿಸಲು ಬರಬೇಕು ಎಂಬುದೊಂದೇ ಇಂದಿನ ನನ್ನ ಮಾತು.

ಮೊದಲು ಬೀಜದ ವಿಷಯ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದು ಕರೆಯುವುದು ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು. ಆ ತುದಿಗಳು ಜೊತೆಗಿಲ್ಲದ ಬೀಜ ಮತ್ತು ಎಲೆಗಳನ್ನು ಅದು ಹೊರಗಿಟ್ಟಿದೆ. ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯ ನಿಷೇಧಕ್ಕೆ ಒಳಪಡುವುದಿಲ್ಲವೆಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಆದೇಶವೊಂದರಲ್ಲಿ ಹೇಳಿತು. 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜವನ್ನು, ಅಂದರೆ ಇದೇ ಗಿಡದ ಬೀಜವನ್ನು, ಆಹಾರವೆಂದು ಒಪ್ಪಿತು. ಇಷ್ಟೂ ನಿಜ. ಆದರೆ ಇದೇ ಕಾಯ್ದೆಯ 8ನೇ ಕಲಂ ಕ್ಯಾನಬಿಸ್ ಗಿಡವನ್ನು, ಅಂದರೆ ಗಾಂಜಾ ಬಿಡುವ ಗಿಡವನ್ನು, ಬೆಳೆಯಬಾರದು ಎನ್ನುತ್ತದೆ, ಮತ್ತು ಅದರ ಪ್ರಕಾರ ಕ್ಯಾನಬಿಸ್ ಗಿಡವೆಂದರೆ ಆ ಕುಲಕ್ಕೆ ಸೇರಿದ ಯಾವುದೇ ಗಿಡ. ನಾರಿಗಾಗಿ, ಬೀಜಕ್ಕಾಗಿ ಅಥವಾ ತೋಟಗಾರಿಕೆಗಾಗಿ ಬೆಳೆಯಲು 14ನೇ ಕಲಮಿನಡಿ ಸರ್ಕಾರ ಅನುಮತಿ ಕೊಡಬಹುದು, ಉತ್ತರಾಖಂಡದಲ್ಲಿ ಕೊಟ್ಟದ್ದೂ ಉಂಟು; ಆದರೆ ಫ್ಲ್ಯಾಟಿನ ಕೋಣೆಯಲ್ಲಿ ಸ್ವಂತಕ್ಕೆ ಬೆಳೆಯುವವರಿಗೆ ಆ ದಾರಿ ಇಲ್ಲ. ಬೀಜವನ್ನು ತಿನ್ನಬಹುದು, ಬಿತ್ತುವಂತಿಲ್ಲ.

ಈಗ ಶಿಕ್ಷೆಗೆ ಬರೋಣ, ನನ್ನ ಜಗಳ ಇರುವುದು ಅಲ್ಲಿ. 20ನೇ ಕಲಂ ಗಾಂಜಾ ಇಟ್ಟುಕೊಂಡವರನ್ನು ತೂಕ ಹಾಕಿ ನೋಡುತ್ತದೆ. ಒಂದು ಕೆಜಿಯವರೆಗೆ ಅಲ್ಪ ಪ್ರಮಾಣ, ಗರಿಷ್ಠ ಒಂದು ವರ್ಷ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ. ಇವೆರಡರ ನಡುವೆ ಇದ್ದರೆ ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಗಿಡ ಬೆಳೆದವರಿಗೋ? ಅವರಿಗೂ ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ, ಮತ್ತು ಅಲ್ಲಿ ತೂಕವೂ ಇಲ್ಲ, ಎಣಿಕೆಯೂ ಇಲ್ಲ. ಗೇಣುದ್ದದ ಸಸಿಯೊಂದನ್ನು ಕುಂಡದಲ್ಲಿ ಬೆಳೆಸಿದವನೂ, 19 ಕೆಜಿ ಗಾಂಜಾವನ್ನು ಕಾರಿನಲ್ಲಿ ತುಂಬಿಕೊಂಡು ಬಂದವನೂ ಒಂದೇ ಗರಿಷ್ಠ ಶಿಕ್ಷೆಯ ಕೆಳಗೆ ನಿಲ್ಲುತ್ತಾರೆ. ಎಕರೆಗಟ್ಟಲೆ ಬೆಳೆದವನೂ ಅವರ ಪಕ್ಕದಲ್ಲೇ ನಿಲ್ಲುತ್ತಾನೆ.

ಇದು ಹಳೆಯ ಕಾಯ್ದೆಯ ಮರೆವು ಎಂದುಕೊಳ್ಳಬೇಡಿ. 1985ರ ಮೂಲ ಕಾಯ್ದೆಯಲ್ಲಿ ಗಿಡ ಬೆಳೆದದ್ದಕ್ಕೆ ಗರಿಷ್ಠ ಐದು ವರ್ಷ ಸಜೆ, 50,000 ರೂಪಾಯಿ ದಂಡ ಇತ್ತು. 2001ರಲ್ಲಿ ಸಂಸತ್ತು ತಿದ್ದುಪಡಿ ತಂದು, ಸಣ್ಣ ಪ್ರಮಾಣಕ್ಕೆ ಸಣ್ಣ ಶಿಕ್ಷೆ, ದೊಡ್ಡ ಪ್ರಮಾಣಕ್ಕೆ ದೊಡ್ಡ ಶಿಕ್ಷೆ ಎಂಬ ನ್ಯಾಯವಾದ ಮೆಟ್ಟಿಲುಗಳನ್ನು ಕಟ್ಟಿತು. ಅದೇ ತಿದ್ದುಪಡಿಯಲ್ಲಿ ಗಿಡಕ್ಕೆ ಮಾತ್ರ ಒಂದು ಮೆಟ್ಟಿಲನ್ನೂ ಇಡದೆ, ಸಜೆಯನ್ನೂ ದಂಡವನ್ನೂ ಎರಡು ಪಟ್ಟು ಮಾಡಿತು. ಕೊಂಡು ಸೇದುವವನಿಗೆ ರಿಯಾಯಿತಿ, ಬೆಳೆದವನಿಗೆ ಇಮ್ಮಡಿ. ಇದರ ಫಲವಾಗಿ, ಹೇಗೂ ಸೇದುವವನು ತಾನೇ ಬೆಳೆಯುವುದಕ್ಕಿಂತ ದಂಧೆಕೋರನ ಹತ್ತಿರ ಕೊಳ್ಳುವುದೇ ಕಾನೂನಿನ ಕಣ್ಣಿನಲ್ಲಿ ಕಡಿಮೆ ಅಪಾಯದ ದಾರಿಯಾಗಿದೆ. ದಂಧೆಯನ್ನು ಮುರಿಯಲು ಹುಟ್ಟಿದ ಕಾಯ್ದೆ ದಂಧೆಗೆ ಗಿರಾಕಿಯನ್ನು ಒದಗಿಸುತ್ತಿದೆ.

ಸಸ್ಯಶಾಸ್ತ್ರ ಬಲ್ಲವರಿಗೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಕ್ಯಾನಬಿಸ್‌ನಲ್ಲಿ ಸಾಮಾನ್ಯವಾಗಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಸಾಧಾರಣ ಬೀಜಗಳನ್ನು ಬಿತ್ತಿದರೆ ಹೆಚ್ಚುಕಡಿಮೆ ಅರ್ಧದಷ್ಟು ಗಂಡು ಗಿಡಗಳೇ ಹುಟ್ಟುತ್ತವೆ, ಸಸಿಯನ್ನು ನೋಡಿ ಯಾವುದು ಯಾವುದೆಂದು ಹೇಳಲಾಗದು. ಗಾಂಜಾಕ್ಕೆ ಬೇಕಾದ ತುದಿ ಬಿಡುವುದು ಹೆಣ್ಣು ಗಿಡ; ಗಂಡು ಗಿಡದಿಂದ ಸಿಗುವುದು ಮುಖ್ಯವಾಗಿ ಪರಾಗ. ಕಾಯ್ದೆ ಅದನ್ನೂ ಕೇಳುವುದಿಲ್ಲ. ಗಂಡೋ ಹೆಣ್ಣೋ, ಹೂ ಬಿಟ್ಟಿದೆಯೋ ಇಲ್ಲವೋ, ಮೂರೆಲೆಯ ಸಸಿಯೋ, ಆಳೆತ್ತರದ ಗಿಡವೋ, ಎಲ್ಲಕ್ಕೂ ಅದೇ ಹತ್ತು ವರ್ಷದ ಮಿತಿ. ಹೂವನ್ನು ಕೊಯ್ದು ಒಣಗಿಸಿ ಡಬ್ಬಿಗೆ ಹಾಕಿಟ್ಟುಕೊಂಡವನ ಮುಂದೆ ತಕ್ಕಡಿ ತರುವ ಕಾನೂನು, ಗಿಡ ಕುಂಡದಲ್ಲಿ ಜೀವಂತ ಇದ್ದರೆ ಎರಡು ಬೆರಳು ಮಡಿಸಿ ಎಣಿಸಲೂ ಒಪ್ಪುವುದಿಲ್ಲ.

"ಹತ್ತು ವರ್ಷ ಎಂಬುದು ಗರಿಷ್ಠ ಮಿತಿ, ನ್ಯಾಯಾಧೀಶರು ಕಡಿಮೆ ಕೊಡಬಹುದಲ್ಲ" ಎಂದು ವಕೀಲ ಮಿತ್ರರು ಹೇಳುತ್ತಾರೆ. ಕೊಡಬಹುದು. ಆದರೆ ನ್ಯಾಯಾಧೀಶರ ವಿವೇಚನೆ ಬರುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಮೊದಲು ಬಂಧನ ಬರುತ್ತದೆ, ಪರಪ್ಪನ ಅಗ್ರಹಾರ ಬರುತ್ತದೆ, ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ವರದಿಗಾಗಿ ಕಾಯುವುದು ಬರುತ್ತದೆ, ಕೆಲಸ ಹೋಗುತ್ತದೆ, ಮನೆ ಮಾಲೀಕರು ಖಾಲಿ ಮಾಡಿ ಎನ್ನುತ್ತಾರೆ. ವಿವೇಚನೆಯನ್ನು ತೀರ್ಪಿನ ದಿನಕ್ಕೆ ಮೀಸಲಿಟ್ಟು ಸಮಾಧಾನ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಬೈದು ಬಿಡುತ್ತಾರೆ ಎಂದವರಿಗೂ ಉತ್ತರ ಇಲ್ಲೇ ಇದೆ: 2024ರಲ್ಲಿ ಇದೇ ನಗರದಲ್ಲಿ ಬಾಲ್ಕನಿಯ ಹೂಕುಂಡಗಳ ಚಿತ್ರವನ್ನು ಫೇಸ್‌ಬುಕ್‌ಗೆ ಹಾಕಿದ ಕುಟುಂಬವೊಂದರ ಮನೆ ಬಾಗಿಲಿಗೆ ಪೊಲೀಸರು ಬಂದರು, ಪ್ರಕರಣ ದಾಖಲಾಯಿತು.

ಇನ್ನು "ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ" ಎನ್ನುವವರು. ಹೆಸರು ಒಂದೇ ಇರಲಿ, ಶಿಕ್ಷೆಯೂ ಒಂದೇ ಇರಬೇಕೆಂದು ಗಾದೆ ಹೇಳಿಲ್ಲ. ಗಾಂಜಾ ಯುವಕರ ಮನಸ್ಸನ್ನು ಕೆಡಿಸುತ್ತದೆ ಎನ್ನುವವರ ಆತಂಕವನ್ನು ನಾನು ಗೌರವಿಸುತ್ತೇನೆ. ಎಳೆಯ ವಯಸ್ಸಿನಲ್ಲಿ, ಅತಿಯಾಗಿ ಸೇದುವವರಲ್ಲಿ ಮಾನಸಿಕ ಕಾಯಿಲೆಯ ಅಪಾಯ ಹೆಚ್ಚುತ್ತದೆ ಎಂಬುದು ನಿಜ, ಅಂಥವರಿಗಾಗಿಯೇ ನಮ್ಮ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರವಿದೆ. ಆದರೆ ಕೊಂಡು ತಂದ ಗಾಂಜಾ ಕೆಡಿಸುವುದಿಲ್ಲವೇ? ಅದಕ್ಕೆ ಒಂದು ವರ್ಷ, ಇದಕ್ಕೆ ಹತ್ತು ವರ್ಷ ಏಕೆ? ಈ ಪ್ರಶ್ನೆಗೆ ಉತ್ತರ ಕೊಡದೆ ಆರೋಗ್ಯದ ಮಾತಾಡುವವರೊಡನೆ ನಾನು ಮುಂದೆ ವಾದಿಸುವುದಿಲ್ಲ.

ಎಣಿಸುವುದು ಕಷ್ಟವೂ ಅಲ್ಲ. ಜರ್ಮನಿ 2024ರ ಏಪ್ರಿಲ್‌ನಿಂದ ವಯಸ್ಕರೊಬ್ಬರಿಗೆ ಮೂರು ಗಿಡ ಎಂದು ಎಣಿಸಿತು, ಕೆನಡಾದ ಒಕ್ಕೂಟ ಸರ್ಕಾರ 2018ರಲ್ಲಿ ಮನೆಗೆ ನಾಲ್ಕು ಎಂದಿತು. ಅವರಂತೆ ಬೆಳೆಯಲು ಬಿಡಿ ಎಂದು ನಾನು ಇಂದು ಕೇಳುತ್ತಿಲ್ಲ. ನಿಷೇಧ ಇರಲಿ, ಎಣಿಸಿ. ಮೂರು ಗಿಡದವರೆಗೆ ಅಲ್ಪ ಪ್ರಮಾಣ ಎಂದು ಬರೆಯಿರಿ, ಮೂರು ಬೇಡವೆಂದರೆ ಎರಡು ಎನ್ನಿ, ಒಂದು ಎನ್ನಿ, ಆದರೆ ಎಣಿಸಿ! ಗ್ರಾಂ ಲೆಕ್ಕದಲ್ಲಿ ಗಾಂಜಾ ತೂಗಿ ಮಹಜರು ಬರೆಯುವ ವ್ಯವಸ್ಥೆಗೆ ಒಂದು, ಎರಡು, ಮೂರು ಎಂದು ಹೇಳಲು ಯಾವ ಹೊಸ ಯಂತ್ರವೂ ಬೇಕಿಲ್ಲ.

ಒಪ್ಪುವವರು ನಿಮ್ಮ ಸಂಸದರಿಗೆ 20ನೇ ಕಲಮಿನ ಹೆಸರು ಹಿಡಿದೇ ಬರೆಯಿರಿ. ತಿದ್ದುವ ಅಧಿಕಾರ ಇರುವುದು ದೆಹಲಿಯಲ್ಲಿ, ವಿಧಾನಸೌಧದಲ್ಲಲ್ಲ. ಒಪ್ಪದವರು ಕೆಳಗೆ ಕಾರಣ ಬರೆಯಿರಿ, ಎಲ್ಲವನ್ನೂ ನಾನೇ ಓದುತ್ತೇನೆ. ಈ ವಾಹಿನಿಗೆ ಪ್ರಾಯೋಜಕರಿಲ್ಲ, ಚಂದಾದಾರರಿಂದಲೇ ನಡೆಯುತ್ತಿದೆ, ಆದ್ದರಿಂದ ಇನ್ನೂ ಆಗಿಲ್ಲದವರು ದಯವಿಟ್ಟು ಈಗಲೇ ಚಂದಾದಾರರಾಗಿ. ಮುಂದಿನ ಸಂಚಿಕೆ ಭಂಗಿಯ ಬಗ್ಗೆ. ಬೀಜ ಎಲ್ಲಿ ಸಿಗುತ್ತದೆ, ಯಾವ ದೀಪ ಹಾಕಬೇಕು ಎಂದು ಕೇಳುವ ಪ್ರತಿಕ್ರಿಯೆಗಳನ್ನು ಮಾತ್ರ ಅಳಿಸುತ್ತೇನೆ, ಏಕೆಂದರೆ ಕಾಯ್ದೆ ಬದಲಾಗುವವರೆಗೆ ಹತ್ತು ವರ್ಷದ ಮಿತಿ ನಿಮ್ಮ ಒಂದು ಕುಂಡಕ್ಕೂ ಅನ್ವಯಿಸುತ್ತದೆ.