ಬಿಸಿಲು, ಓಟ ಮತ್ತು ಉತ್ತೇಜಕ ಮದ್ದು

ವೇದಿಕೆಯ ಮೇಲಿರುವ ಹಿರಿಯರೆ, ಧಾರವಾಡ, ಗದಗ, ಹಾವೇರಿಗಳಿಂದ ಬಂದಿರುವ ದೈಹಿಕ ಶಿಕ್ಷಣ ಶಿಕ್ಷಕರೆ, ಗರಡಿಮನೆಯ ವಸ್ತಾದರೆ, ಪೊಲೀಸ್ ಮತ್ತು ಸೇನಾ ಭರ್ತಿಗಾಗಿ ಓಟದ ಅಭ್ಯಾಸ ನಡೆಸಿರುವ ತರುಣರೆ,

ಉತ್ತೇಜಕ ಮದ್ದಿನ ಮಾತು ಬಂದಾಗ ನಾವು ಹೃದಯಕ್ಕಾಗುವ ಹಾನಿಯನ್ನೋ ಪದಕ ಕೈತಪ್ಪುವುದನ್ನೋ ಹೇಳಿ ಸುಮ್ಮನಾಗುತ್ತೇವೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮೈದಾನಕ್ಕಿಳಿಯುವ ನಮ್ಮ ಭಾಗದ ಮಕ್ಕಳಿಗೆ ಮೈಯ ಕಾವಿನಿಂದ ಬರುವ ಅಪಾಯವೂ ಅಷ್ಟೇ ದೊಡ್ಡದು. ಅದರ ಬಗ್ಗೆ ಯಾರೂ ಅವರಿಗೆ ಹೇಳುವುದಿಲ್ಲ ಎಂಬ ಕಳವಳದಿಂದಲೇ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಓಟಕ್ಕೆ ಸಲ್ಲುತ್ತದೆ, ಉಳಿದದ್ದೆಲ್ಲ ಶಾಖವಾಗುತ್ತದೆ. ರಕ್ತವು ಆ ಶಾಖವನ್ನು ಚರ್ಮದವರೆಗೆ ಹೊತ್ತು ತರುತ್ತದೆ, ಅಲ್ಲಿಂದ ಬೆವರು ಆರುತ್ತ ಅದನ್ನು ಹೊರಗೆ ಒಯ್ಯುತ್ತದೆ. ಒಂದು ಲೀಟರ್ ಬೆವರು ಮೈಮೇಲೆಯೇ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೋಗುತ್ತದೆ; ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಆ ಉಪಕಾರವಿಲ್ಲ. ಆದ್ದರಿಂದಲೇ ಅಡ್ಡಮಳೆ ಬಿದ್ದ ಮರುದಿನ, ಬಿಸಿಲು ತುಸು ಇಳಿದಂತೆ ಕಂಡರೂ ಗಾಳಿಯಲ್ಲಿ ತೇವ ತುಂಬಿರುವುದರಿಂದ, ಮೈ ತಣಿಯುವುದು ಕಷ್ಟವಾಗುತ್ತದೆ.

ಕಾವು ಮಿತಿ ಮೀರುವ ಮೊದಲೇ ಮಿದುಳು ದಣಿವಿನ ರೂಪದಲ್ಲಿ ಓಟವನ್ನು ತಗ್ಗಿಸುತ್ತದೆ. ಉತ್ತೇಜಕ ಮದ್ದು ಕೈಹಾಕುವುದು ಈ ರಕ್ಷಣೆಗೇ. ಆಂಫೆಟಮೈನ್ ಜಾತಿಯ ಮದ್ದುಗಳು ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಎಂಬ, ನರಗಳು ಸಂದೇಶ ಸಾಗಿಸಲು ಬಳಸುವ ಎರಡು ರಾಸಾಯನಿಕಗಳ ಪ್ರಭಾವವನ್ನು ಹೆಚ್ಚಿಸುತ್ತವೆ. ನಾರ್‌ಅಡ್ರಿನಲಿನ್ ಚರ್ಮದ ರಕ್ತನಾಳಗಳನ್ನು ಬಿಗಿಯುವುದರಿಂದ ಶಾಖ ಒಳಗೇ ಉಳಿಯುತ್ತದೆ. ಡೋಪಮೈನ್ ಹುರುಪನ್ನು ಹೆಚ್ಚಿಸಿ ದಣಿವಿನ ಎಚ್ಚರಿಕೆಯನ್ನು ಅಡಗಿಸುತ್ತದೆ. ಪಂಪ್‌ಸೆಟ್ಟಿನ ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟಿದರೆ ಮೋಟರು ನಿಲ್ಲದೆ ಓಡುತ್ತದೆ, ಆದರೆ ಒಳಗಿನ ಸುರುಳಿ ಸುಡುತ್ತದೆ.

ಇದು ಬರೀ ತರ್ಕವಲ್ಲ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪಳಗಿದ 9 ಪುರುಷರಿಗೆ ಈ ಎರಡೂ ರಾಸಾಯನಿಕಗಳ ಪ್ರಭಾವ ಹೆಚ್ಚಿಸುವ ಬ್ಯುಪ್ರೊಪಿಯಾನ್ ಕೊಟ್ಟು ಸೈಕಲ್ ತುಳಿಸಿದರು. 18 ಡಿಗ್ರಿಯ ಕೋಣೆಯಲ್ಲಿ ಮದ್ದಿನಿಂದ ಲಾಭವೇನೂ ಕಾಣಲಿಲ್ಲ. 30 ಡಿಗ್ರಿಯಲ್ಲಿ ಮಾತ್ರ ಅವರು ನಿಗದಿತ ಕೆಲಸವನ್ನು ಹೆಚ್ಚು ಬೇಗ ಮುಗಿಸಿದರು, ಮತ್ತು 7 ಮಂದಿಯ ಒಳಮೈ ಕಾವು 40 ಡಿಗ್ರಿ ಮುಟ್ಟಿತು. ಮದ್ದಿಲ್ಲದ ದಿನ ಆ ಮಟ್ಟ ಮುಟ್ಟಿದವರು ಇಬ್ಬರೇ. ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಎಷ್ಟು ಸೆಕೆಯಾಗುತ್ತಿದೆ, ಎಷ್ಟು ಕಷ್ಟವಾಗುತ್ತಿದೆ ಎಂದು ಕೇಳಿದಾಗ ಅವರು ಎರಡೂ ದಿನ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರು. ಹೀಗಿರುವಾಗ, "ಏನೂ ಆಗಿಲ್ಲ ಸರ್, ಇನ್ನೊಂದು ಸುತ್ತು ಹೊಡೀತೀನಿ" ಎನ್ನುವ ಹುಡುಗ ಸುಳ್ಳು ಹೇಳುತ್ತಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ.

1967ರ ಜುಲೈ 13ರಂದು ಫ್ರಾನ್ಸಿನ ಮಾಂಟ್ ವೆಂಟೂ ಬೆಟ್ಟದ ಸುಡುಬಿಸಿಲಿನ ಏರಿನಲ್ಲಿ ಬ್ರಿಟನ್ನಿನ ಸೈಕಲ್ ಪಟು ಟಾಮ್ ಸಿಂಪ್ಸನ್ ಬಿದ್ದರು. ಮತ್ತೆ ಸೈಕಲ್ ಹತ್ತಿ ಸ್ವಲ್ಪ ದೂರ ಹೋಗಿ ಕುಸಿದಾಗಲೂ ಅವರ ಕೈಗಳು ಹ್ಯಾಂಡಲನ್ನು ಬಿಟ್ಟಿರಲಿಲ್ಲ. ಶವಪರೀಕ್ಷೆಯಲ್ಲಿ ಆಂಫೆಟಮೈನ್ ಮತ್ತು ಮದ್ಯದ ಅಂಶ ಸಿಕ್ಕಿತು. 2003ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ ಅಭ್ಯಾಸದ ವೇಳೆ ಕುಸಿದು ತೀರಿಕೊಂಡರು. ಅವರ ಮೈಯ ಕಾವು 42 ಡಿಗ್ರಿ ಮೀರಿತ್ತು. ತೂಕ ಇಳಿಸಲು ಅವರು ಎಫೆಡ್ರಾ ಎಂಬ ಉತ್ತೇಜಕ ಮೂಲಿಕೆ ಸೇರಿದ ಗುಳಿಗೆ ಸೇವಿಸುತ್ತಿದ್ದರು. ಮರುವರ್ಷ ಅಲ್ಲಿ ಅಂಥ ಪೂರಕಗಳನ್ನು ನಿಷೇಧಿಸಿದರು.

ದಿನಕ್ಕೆರಡು ಕಪ್ ಚಹಾ ಕುಡಿಯುವವರು ಇದನ್ನು ಕೇಳಿ ಹೆದರಬೇಕಿಲ್ಲ. ನಾನು ಹೇಳುತ್ತಿರುವುದು ಜಿಮ್ಮುಗಳಲ್ಲಿ ಕೈಯಿಂದ ಕೈಗೆ ದಾಟುವ ಮೆಫೆಂಟರ್ಮಿನ್ ಇಂಜೆಕ್ಷನ್ನಿನಂಥವುಗಳ ಬಗ್ಗೆ. ಅರಿವಳಿಕೆಯ ವೇಳೆ ಕುಸಿದ ರಕ್ತದೊತ್ತಡವನ್ನು ಏರಿಸಲು ವೈದ್ಯರು ಬಳಸುವ ಆ ಮದ್ದು ಆಂಫೆಟಮೈನಿನ ಹತ್ತಿರದ ಬಳಗಕ್ಕೆ ಸೇರಿದ್ದು, ಕ್ರೀಡೆಯಲ್ಲಿ ನಿಷಿದ್ಧ. ಭರ್ತಿಯ ಓಟ 1600 ಮೀಟರ್ ಮಾತ್ರವಲ್ಲವೆ ಎಂದು ಕೆಲವರು ಕೇಳಬಹುದು. ಓಟ ಸಣ್ಣದಿರಬಹುದು; ಅದಕ್ಕೆ ಮೊದಲು ಬಿಸಿಲಿನಲ್ಲಿ ಸಾಲಿನಲ್ಲಿ ನಿಲ್ಲುವುದು, ತೂಕ ಇಳಿಸಲೆಂದು ನೀರು ಬಿಡುವುದು ಇವೆಲ್ಲ ಕೂಡಿ ಮೈಯನ್ನು ಮೊದಲೇ ಕಾಯಿಸಿರುತ್ತವೆ.

ಓಡುತ್ತಿದ್ದವನು ತೊದಲಿದರೆ, ತೂರಾಡಿದರೆ, ಇದ್ದ ಊರಿನ ಹೆಸರು ಹೇಳಲು ತಡವರಿಸಿದರೆ, ಮೈಯಲ್ಲಿ ಬೆವರು ಇದ್ದರೂ ಅದನ್ನು ಉಷ್ಣಾಘಾತವೆಂದೇ ತಿಳಿಯಿರಿ. ಒಬ್ಬರು 108ಕ್ಕೆ ಕರೆ ಮಾಡಲಿ, ಉಳಿದವರು ಆಂಬ್ಯುಲೆನ್ಸ್ ಬರುವ ತನಕ ಕಾಯದೆ ಅಲ್ಲೇ ತಣಿಸಲು ತೊಡಗಲಿ. ನೀರಿನ ತೊಟ್ಟಿಯಿದ್ದರೆ ತಲೆ ಮೇಲಿರುವಂತೆ ಹಿಡಿದು ಕುತ್ತಿಗೆಯವರೆಗೆ ಮುಳುಗಿಸಿ. ಇಲ್ಲದಿದ್ದರೆ ಮೈತುಂಬ ತಣ್ಣೀರು ಸುರಿಯುತ್ತ ಗಾಳಿ ಬೀಸಿ. ಪ್ಯಾರಾಸಿಟಮಾಲ್ ಕೊಡಬೇಡಿ, ಇದು ಸೋಂಕಿನ ಜ್ವರವಲ್ಲ. ಜೊತೆಯ ಗೆಳೆಯರನ್ನು ಬೈಯದೆ, ಹೆದರಿಸದೆ, ಅವನು ಏನು ತೆಗೆದುಕೊಂಡಿದ್ದ ಎಂದು ಕೇಳಿ, ಸಿಕ್ಕರೆ ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಉತ್ತೇಜಕದಿಂದ ಕೆರಳಿದ ಮೈಯನ್ನು ಶಾಂತಗೊಳಿಸುವ ಔಷಧಿಯನ್ನು ಬೇಗ ಆರಿಸಲು ವೈದ್ಯರಿಗೆ ಅದರಿಂದ ನೆರವಾಗುತ್ತದೆ.