ಬೇಕಾದ ತರಂಗಾಂತರದ ಲೇಸರ್ ಸಿಗದಿದ್ರೆ ಏನ್ ಮಾಡೋದು?

ಚಿಲಿ ದೇಶದ ಪರನಾಲ್ ಬೆಟ್ಟದ ಮೇಲಿರೋ ವೆರಿ ಲಾರ್ಜ್ ಟೆಲಿಸ್ಕೋಪ್‌ನಿಂದ ನಾಲ್ಕು ಹಳದಿ ಲೇಸರ್ ಆಕಾಶಕ್ಕೆ ಚಿಮ್ಮೋ ಫೋಟೋ ನೋಡಿದೀರಾ? ಒಂದೊಂದೂ 22 ವ್ಯಾಟ್. ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ ಸೋಡಿಯಂ ಪದರ ಇದೆ, ಅದನ್ನ ಹೊಳೆಯೋ ಹಾಗೆ ಮಾಡಿ ಕೃತಕ ನಕ್ಷತ್ರ ಮಾಡ್ಕೊಳ್ತಾರೆ, ವಾತಾವರಣ ಚಿತ್ರನ ಎಷ್ಟು ಕದಡ್ತಿದೆ ಅಂತ ಅಳೆಯೋಕೆ. ಆದ್ರೆ ಅದಕ್ಕೆ 589 ನ್ಯಾನೋಮೀಟರ್ ತರಂಗಾಂತರದ ಬೆಳಕೇ ಬೇಕು, ಚೂರು ಆಚೀಚೆ ಆದ್ರೂ ಸೋಡಿಯಂ ಹೊಳೆಯಲ್ಲ.

ಈಗ ಫೈಬರ್ ಲೇಸರ್ ನೋಡಿ. ಗಾಜಿನ ಎಳೆಯೊಳಗೆ ಇಟರ್ಬಿಯಂ ಅನ್ನೋ ಧಾತು ಬೆರೆಸಿದ್ರೆ ಕಿಲೋವ್ಯಾಟ್‌ಗಟ್ಟಲೆ ಪವರ್ ಬರತ್ತೆ, ಆದ್ರೆ 1000ದಿಂದ 1100 ನ್ಯಾನೋಮೀಟರ್ ಆಸುಪಾಸು ಮಾತ್ರ. ಎರ್ಬಿಯಂ 1550ರ ಹತ್ರ, ಥುಲಿಯಂ 2000ದ ಹತ್ರ. ಮಧ್ಯದ ಜಾಗಕ್ಕೆ ಅಷ್ಟೇ ಪವರ್ ಕೊಡೋ ಧಾತು ಸಿಗಲ್ಲ.

ಇಲ್ಲೇ ನಂಗೆ ತುಂಬಾ ಇಷ್ಟವಾದ ವಿಷಯ ಬರೋದು. 1928ರಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಕಂಡುಹಿಡಿದ್ರಲ್ಲ, ಬೆಳಕು ಅಣುಗಳನ್ನ ಅಲುಗಾಡಿಸಿ ಒಂಚೂರು ಶಕ್ತಿ ಅಲ್ಲೇ ಬಿಟ್ಟು ಉದ್ದನೆ ತರಂಗಾಂತರ ಆಗಿ ಹೊರಗೆ ಬರತ್ತೆ ಅಂತ, ಅದೇ ಕೆಲಸ ಫೈಬರ್ ಒಳಗೂ ನಡೆಯತ್ತೆ, ಅದೂ ಕೆಲವೇ ಮೈಕ್ರಾನ್ ಅಗಲದ ಜಾಗದಲ್ಲಿ ಅಷ್ಟೊಂದು ಬೆಳಕು ತುಂಬಿರೋದ್ರಿಂದ ಭಾರಿ ಜೋರಾಗಿ. ಮಾಮೂಲಿ ಹೈ ಪವರ್ ಲೇಸರ್ ಮಾಡೋರಿಗೆ ಇದು ದೊಡ್ಡ ಕಾಟ, ಪವರ್ ಬೇಡದ ಕಡೆ ಸೋರಿಹೋಗತ್ತೆ. ಆ ಸೋರಿಕೆನೇ ನಮಗೆ ಬೇಕಾಗಿರೋದು! ಫೈಬರ್ ಒಳಗೆ 1120 ನ್ಯಾನೋಮೀಟರ್ ಬೆಳಕು ಹಾಯಿಸಿದ್ರೆ 1178ಕ್ಕೆ ಜಾರತ್ತೆ, ಅದನ್ನ ಒಂದು ಕ್ರಿಸ್ಟಲ್ ಒಳಗೆ ಹಾಯಿಸಿ ಆವರ್ತನ ಡಬಲ್ ಮಾಡಿದ್ರೆ, ಅಂದ್ರೆ ತರಂಗಾಂತರ ಅರ್ಧ ಮಾಡಿದ್ರೆ, ಸರಿಯಾಗಿ 589.

ಇನ್ನೂ ದೂರ ಹೋಗ್ಬೇಕಾ? ಜಾರಿದ ಬೆಳಕನ್ನೇ ಮತ್ತೆ ಜಾರಿಸಿ. ಪ್ರತಿ ಸಲ ಆವರ್ತನ ಸುಮಾರು 13 ಟೆರಾಹರ್ಟ್ಸ್ ಇಳಿಯತ್ತೆ, ಹಾಗೆ 1064ರಿಂದ 1116, 1174, 1238, 1309, 1389, ಆರನೇ ಹೆಜ್ಜೆಗೆ 1480. ಎರ್ಬಿಯಂ ಆಂಪ್ಲಿಫೈಯರ್‌ಗೆ, ಅಂದ್ರೆ ಫೈಬರ್‌ನಲ್ಲಿ ಹೋಗೋ ಬೆಳಕನ್ನ ಜೋರು ಮಾಡೋ ಸಾಧನಕ್ಕೆ, ಶಕ್ತಿ ತುಂಬೋಕೆ ಇದು ಚೆನ್ನಾಗಿ ಒಗ್ಗತ್ತೆ.

ಕಷ್ಟ ಇರೋದು ನಿಲ್ಲಿಸೋದ್ರಲ್ಲಿ. 1480ರಲ್ಲಿ ಪವರ್ ಜಾಸ್ತಿ ಆದಷ್ಟೂ ಅದು ಏಳನೇ ಹೆಜ್ಜೆ ಇಡೋಕೆ ಹೊರಡತ್ತೆ. ಅದಕ್ಕೆ ವಿಶೇಷ ಫೈಬರ್ ಮಾಡ್ತಾರೆ, 1480ರ ತನಕ ಬೆಳಕನ್ನ ಸಲೀಸಾಗಿ ಬಿಡತ್ತೆ, ಅದಕ್ಕಿಂತ ಉದ್ದನೆ ತರಂಗ ಹುಟ್ಟಿದ್ರೆ ಒಳಗೆ ಹಿಡಿದಿಟ್ಟುಕೊಳ್ಳದೆ ಹೊರಗೆ ಸೋರಿಸಿಬಿಡತ್ತೆ, ಬೆಳೆಯೋಕೇ ಬಿಡಲ್ಲ. ಎಂಥಾ ಚೆಂದದ ಉಪಾಯ ಅಲ್ವಾ!

ಒಂದು ಲೆಕ್ಕ ಮಾತ್ರ ಯಾರೂ ತಪ್ಪಿಸಿಕೊಳ್ಳೋಕಾಗಲ್ಲ. ಪ್ರತಿ ಹೆಜ್ಜೆಲೂ ಬಿಟ್ಟ ಶಕ್ತಿ ಗಾಜಿನಲ್ಲಿ ಶಾಖ ಆಗಿ ಉಳಿಯತ್ತೆ, ಹಾಗಾಗಿ 1064ರಿಂದ 1480ಕ್ಕೆ ಎಷ್ಟೇ ಚೆನ್ನಾಗಿ ಮಾಡಿದ್ರೂ 100 ವ್ಯಾಟ್‌ಗೆ ಸಿಗೋದು ಹೆಚ್ಚಂದ್ರೆ 72.